ಎಂಟು ಕ್ವಿಂಟಲ್ ಸಗಣಿ ಕಾಣೆಯಾಗಿದೆ

2021ರ ಜೂನ್‌ನಲ್ಲಿ ಛತ್ತೀಸಗಢದ ಕೊರ್ಬಾ ಜಿಲ್ಲೆಯ ಧುರೇನಾ ಎಂಬ ಹಳ್ಳಿಯಲ್ಲಿ ರಾತ್ರೋರಾತ್ರಿ 800 ಕಿಲೋ ಸಗಣಿ ಕಳುವಾಯಿತು. ಮಾಲಿನ ಬೆಲೆ 1,600 ರೂಪಾಯಿ. ಪೊಲೀಸರು ಕೇಸು ಹಾಕಿಕೊಂಡರು. ಅಲ್ಲಿನ ಸರ್ಕಾರ ಹಿಂದಿನ ವರ್ಷವಷ್ಟೇ ಕಿಲೋಗೆ 2 ರೂಪಾಯಿಯಂತೆ ಸಗಣಿ ಕೊಳ್ಳಲು ಶುರುಮಾಡಿತ್ತು. ಬೆಲೆ ಬಂದ ಮೇಲೆ ಕಳ್ಳನೂ ಬರಬೇಕಲ್ಲ. ನನಗೆ ಚಿಂತೆ ಹತ್ತಿದ್ದು ಪಂಚನಾಮೆಯದು. ಹಸಿ ಸಗಣಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಮಾಲು ಸಿಕ್ಕಿ, ಠಾಣೆಯಲ್ಲಿ ಒಣಗಿ, ಕೋರ್ಟಿಗೆ ಹೋಗುವಷ್ಟರಲ್ಲಿ ತೂಕ ಇಳಿದಿದ್ದರೆ ಉಳಿದದ್ದನ್ನು ಪೇದೆಗಳು ತಿಂದರು ಎನ್ನುವುದೇ?

ಮಾರನೇ ವರ್ಷ ಅದೇ ರಾಜ್ಯದ ಮುಖ್ಯಮಂತ್ರಿ ಭೂಪೇಶ್ ಬಘೇಲ್ ಸಗಣಿಯಿಂದಲೇ ಮಾಡಿದ ಸೂಟ್‌ಕೇಸ್ ಹಿಡಿದು ಬಜೆಟ್ ಮಂಡಿಸಲು ಬಂದರು. ಅವರು ಕಾಂಗ್ರೆಸ್. ದಿಲ್ಲಿಯವರು ಹಿಂದೆ ಬೀಳುತ್ತಾರೆಯೇ? 2020ರಲ್ಲೇ, ಕೇಂದ್ರ ಸರ್ಕಾರ ಹಸುಗಳಿಗೆಂದೇ ಕಟ್ಟಿದ್ದ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ಮೊಬೈಲಿನ ವಿಕಿರಣ ತಗ್ಗಿಸುತ್ತದೆಂದು ಸಗಣಿಯ ಚಿಪ್ ತೋರಿಸಿದ್ದರು. 2021ರ ಜನವರಿಯಲ್ಲಿ ಸಗಣಿ ಪೇಂಟ್ ಬಿಡುಗಡೆಯಾಯಿತು. ಅಜ್ಜಿ ಅಂಗಳಕ್ಕೆ ಬಳಿಯುತ್ತಿದ್ದಾಗ ಅದಕ್ಕೆ ಡಬ್ಬಿ ಇರಲಿಲ್ಲ, ಅಷ್ಟೇ. ಪಕ್ಷಗಳು ಒಮ್ಮತಕ್ಕೆ ಬಂದಿರುವ ವಿಷಯ ಈ ದೇಶದಲ್ಲಿ ಇದೊಂದೇ ಇರಬೇಕು.

ಈ ಸಂಭ್ರಮದಲ್ಲಿ ಸಗಣಿಯನ್ನು ಗುಂಡಿಗೆ ಹಾಕುವ ಮಾತು ಮಾತ್ರ ಯಾರಿಗೂ ರುಚಿಸುವುದಿಲ್ಲ. ಗೋಬರ್ ಗ್ಯಾಸಿಗೆ ರಾಷ್ಟ್ರಮಟ್ಟದ ಯೋಜನೆ ಬಂದದ್ದು 1981-82ರಲ್ಲಿ. ನಾಲ್ಕೈದು ದನ, ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು. ಗಾಳಿಯಾಡದ ಗುಂಡಿಯೊಳಗೆ ಸೂಕ್ಷ್ಮಜೀವಿಗಳು ಅದನ್ನು ಅರಗಿಸಿ ಮೀಥೇನ್ ಬಿಡುತ್ತವೆ, ಒಲೆಯಲ್ಲಿ ನೀಲಿ ಉರಿ ಏಳುತ್ತದೆ. ಇನ್ನೊಂದು ಬಾಯಿಂದ ಬರುವ ಬಗ್ಗಡ ತೋಟಕ್ಕೆ. ಬೆರಣಿ ತಟ್ಟಿ ಸುಟ್ಟರೆ ಸಾರಜನಕವೆಲ್ಲ ಹೊಗೆಯಾಗಿ ಹೋಗುತ್ತದೆ. ಬಗ್ಗಡದಲ್ಲಿ ಅದು ಉಳಿದು ಮಣ್ಣಿಗೆ ಸೇರುತ್ತದೆ. ಒಂದೇ ಸಗಣಿ, ಎರಡು ಸಲ ದುಡಿಮೆ. ನಮ್ಮ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು 1987ರಲ್ಲೇ ಊರ ಸಗಣಿಯಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟಿದ್ದರು. ಸಗಣಿ ತಂದವರು ಬಗ್ಗಡ ವಾಪಸ್ ಒಯ್ಯುತ್ತಿದ್ದರು. ಯಾರೂ ಸೂಟ್‌ಕೇಸ್ ಕೇಳಲಿಲ್ಲ.

ಆದರೆ ಗುಂಡಿಗೊಂದು ಕೆಟ್ಟ ಗುಣ: ದಿನಾ ಹಾಕಬೇಕು, ಅದೂ ಕೈಯಲ್ಲಿ ಕಲಸಬೇಕು. ನಮ್ಮ ಚಿಕ್ಕಮ್ಮ ಮನೆಯ ಗುಂಡಿಗೆಂದು ಇಪ್ಪತ್ತು ವರ್ಷ ಮೊಣಕೈವರೆಗೆ ಸಗಣಿ ಮಾಡಿಕೊಂಡು, ಕಡ್ಡಿ ಕಲ್ಲು ಆರಿಸಿ ಕಲಸಿದಳು. ಉದ್ಘಾಟನೆಯ ದಿನ ಟೇಪು ಕತ್ತರಿಸಿದವರು ಆ ತೊಟ್ಟಿಗೆ ಬೆರಳೂ ಅದ್ದಿರಲಿಲ್ಲ. ಅವಳ ಮಂಡಿ ಸೋತಿತು, ಚಿಕ್ಕಪ್ಪ ದನ ಮಾರಿದರು, ಸಿಲಿಂಡರ್ ಬಂತು. ಕಲಸುವ ತೊಟ್ಟಿಯಲ್ಲಿ ಈಗ ಕೋಳಿ ಕಾವಿಗೆ ಕೂರುತ್ತದೆ.

2018ರಲ್ಲಿ ಸಗಣಿ, ಕಸದಿಂದ ಗ್ಯಾಸ್ ಮಾಡುವ ಕೇಂದ್ರದ ಯೋಜನೆ ‘ಗೋಬರ್ ಧನ್’ ಬಂತು. ಅದರಲ್ಲಿನ ‘ಗೋಬರ್’ ಹಿಂದಿಯಂತೆ ಕಂಡರೂ ಇಂಗ್ಲಿಷಿನ ಅಷ್ಟುದ್ದ ಹೆಸರೊಂದರ ಮೊದಲಕ್ಷರಗಳಂತೆ. ಆ ಪದಗಳನ್ನು ಹೊಂದಿಸಲು ಪಟ್ಟ ಪಾಡಿಗೆ ಎರಡು ಗುಂಡಿ ಕಲಸಬಹುದಿತ್ತು.

ಹೋದ ಬೇಸಿಗೆಯಲ್ಲಿ ಯಾವುದೋ ಇಲಾಖೆಯಿಂದ ಒಬ್ಬರು ಚಿಕ್ಕಪ್ಪನ ಮನೆಗೆ ಪರಿಶೀಲನೆಗೆ ಬಂದರು. ಕೈಯಲ್ಲಿ ಮೊಬೈಲ್.

“ಯಜಮಾನ್ರೇ, ಘಟಕ ಇದೆಯಲ್ಲ?”

“ಐತೆ ಸಾರ್. ಗ್ಯಾಸ್ ಬರಲ್ಲ.”

“ಅದು ಕಾಲಂನಲ್ಲಿ ಇಲ್ಲ. ಫೋಟೋ ಬೇಕು. ನೀವು, ಘಟಕ, ದನ, ಮೂರೂ ಒಂದೇ ಫೋಟೋದಲ್ಲಿ ಬರಬೇಕು.”

ದನ ಇಲ್ಲ. ಪಕ್ಕದ ಮನೆ ಗಂಗಕ್ಕನ ಹಸುವನ್ನು ಎರವಲು ತಂದರು. ಕೋಳಿಯನ್ನು ಎಬ್ಬಿಸಿದರು, ಅದು ಊರಿಗೆಲ್ಲ ಕೇಳುವಂತೆ ಬೈಯಿತು. ಚಿಕ್ಕಪ್ಪ ಹೊಸ ಟವೆಲ್ ಹೊದ್ದು ನಿಂತರು. ಸಾಹೇಬರು ಇನ್ನೇನು ಮೊಬೈಲಿನ ಬಟನ್ ಒತ್ತಬೇಕು, ಹಸು ಬಾಲ ಎತ್ತಿ ಘಟಕದ ಬಾಯಲ್ಲೇ ಪಚಕ್ಕೆಂದು ಹಾಕಿತು. ಎಷ್ಟೋ ವರ್ಷದ ಮೇಲೆ ಆ ಗುಂಡಿಯ ಹತ್ತಿರ ಬಿದ್ದ ಮೊದಲ ಸಗಣಿ.

ಸಾಹೇಬರು ಮುಖ ಸಿಂಡರಿಸಿದರು. “ಛೆ, ಫೋಟೋ ಕೆಡ್ತು. ಅದನ್ನ ಮೊದಲು ತೆಗೆಸಿ.”

ಚಿಕ್ಕಮ್ಮ ಅಭ್ಯಾಸಬಲದಿಂದ ಬಗ್ಗಿದಳು. ಅಷ್ಟರಲ್ಲಿ ಗಂಗಕ್ಕ ಮಂಕರಿ ಹಿಡಿದು ಓಡಿ ಬಂದಳು: “ಮುಟ್ಟಬ್ಯಾಡ ಕಣಕ್ಕ, ಹಸ ನಮ್ದು.”