ನಾಣ್ಯ ತಿಕ್ಕಬೇಡಿ, ಕೈಮುಗಿದು ಕೇಳ್ತೀನಿ

ನಿನ್ನೆ ರಾತ್ರಿಯಿಂದ ತಲೆ ಬಿಸಿಯಾಗಿದೆ. ನಾಣ್ಯ ಕೂಡಿಡುವ ಗೆಳೆಯರೊಬ್ಬರು ಹೊಸದಾಗಿ ಸಿಕ್ಕಿದ ನಾಣ್ಯದ ಫೋಟೋ ಹಾಕಿದ್ದರು. 1900ರ ಬ್ರಿಟಿಷ್ ಫಾರ್ದಿಂಗ್. ಒಂದು ಕಡೆ ತಲೆಗೆ ಮುಸುಕು ಹೊದ್ದ ವಯಸ್ಸಾದ ವಿಕ್ಟೋರಿಯಾ ರಾಣಿ, ಇನ್ನೊಂದು ಕಡೆ ತ್ರಿಶೂಲ ಹಿಡಿದು ಕೂತ ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನೇ ಹೆಣ್ಣಾಗಿ ಚಿತ್ರಿಸಿದ ರೂಪ. ‘ಮೊದಲು’, ‘ಆಮೇಲೆ’ ಅಂತ ಎರಡು ಫೋಟೋ. ಮೊದಲನೆಯದರಲ್ಲಿ ನಾಣ್ಯ ಕಪ್ಪಗೆ, ಎಷ್ಟು ಚೆಂದ ಇತ್ತು! ಎರಡನೆಯದರಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಪಳಪಳ ಮಾಡಿಬಿಟ್ಟಿದ್ದರು. ಕೆಳಗೆ ಸಾಲು ಸಾಲು ಹೊಗಳಿಕೆ. ‘ಸೂಪರ್ ಸಾರ್, ಈಗ ತಾನೇ ಟಂಕಸಾಲೆಯಿಂದ ಬಂದ ಹಾಗಿದೆ!’

ಇಲ್ಲ ಸಾರ್. ಟಂಕಸಾಲೆಯಿಂದ ಅದು ಹೊಳೆಯುತ್ತಾ ಬಂದಿರಲಿಲ್ಲ. ಕಪ್ಪಗೇ ಬಂದಿತ್ತು.

ನನ್ನ ನಾಣ್ಯದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳ್ತೀನಿ. ಫಾರ್ದಿಂಗ್ ಅಂದರೆ ಪೆನ್ನಿಯ ಕಾಲು ಭಾಗ. ಆಗಿನ ಲೆಕ್ಕದಲ್ಲಿ ಒಂದು ಪೌಂಡಿಗೆ 240 ಪೆನ್ನಿ, ಅಂದರೆ 960 ಫಾರ್ದಿಂಗ್. ಅದೇ ಕಾಲದಲ್ಲಿ ಅರ್ಧ ಸವರನ್ ಅನ್ನುವ ಚಿನ್ನದ ನಾಣ್ಯ ಕೂಡ ಜನರ ಕೈಯಲ್ಲಿ ಓಡಾಡುತ್ತಿತ್ತು. ಅದರ ಬೆಲೆ 480 ಫಾರ್ದಿಂಗ್. ತೊಂದರೆ ಏನಪ್ಪಾ ಅಂದರೆ ಎರಡರ ಅಗಲ ಹೆಚ್ಚುಕಮ್ಮಿ ಒಂದೇ. ಫಾರ್ದಿಂಗ್ 20 ಮಿಲಿಮೀಟರ್, ಅರ್ಧ ಸವರನ್ 19ಕ್ಕಿಂತ ಚೂರು ಜಾಸ್ತಿ. ಫಾರ್ದಿಂಗ್ ಕಂಚಿನದು, ಹೊಸ ಕಂಚು ಹೊಳೆಯುತ್ತೆ. ಮಬ್ಬು ಬೆಳಕಲ್ಲಿ ಅದನ್ನೇ ಚಿನ್ನ ಅಂತ ದಾಟಿಸಿದರೆ? ಅದಕ್ಕೇ ಲಂಡನ್ನಿನ ಟಂಕಸಾಲೆ ರಾಯಲ್ ಮಿಂಟಿನವರು 1897ರಿಂದ ಫಾರ್ದಿಂಗ್‌ಗಳನ್ನು ರಾಸಾಯನಿಕ ಹಾಕಿ ಕಪ್ಪು ಮಾಡಿಯೇ ಹೊರಗೆ ಬಿಡತೊಡಗಿದರು. ಸುಮಾರು 20 ವರ್ಷ ಇದು ನಡೆಯಿತು.

ಅಂದರೆ ಆ ಕಪ್ಪು ಕೊಳೆಯಲ್ಲ. ನಾಣ್ಯದ ಮೇಲೆ ಇಸವಿ ಹೇಗೋ ಅದೂ ಹಾಗೇ. ಅದನ್ನು ತಿಕ್ಕಿದವರು ಟಂಕಸಾಲೆಯ ಕೆಲಸವನ್ನೇ ಅಳಿಸಿದರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ತವರಕ್ಕೆ ಬರ ಬಂದು ಪೆನ್ನಿಯಲ್ಲಿ ತವರ ಕಡಿಮೆ ಮಾಡಿದಾಗಲೂ ಹೀಗೇ ಆಯಿತು. 1944ರಿಂದ 1946ರ ಪೆನ್ನಿಗಳನ್ನೂ ಕಪ್ಪು ಮಾಡಿಯೇ ಕೊಟ್ಟರು. ಅವನ್ನೂ ಜನ ಬಿಡೋದಿಲ್ಲ, ತಿಕ್ಕಿ ಕೂರಿಸುತ್ತಾರೆ.

ನಮ್ಮವರಿಗೆ ಯಾಕೆ ಈ ಚಟ ಅಂತ ನನಗೆ ಅರ್ಥವಾಗುತ್ತೆ. ದೇವರ ಮನೆಯ ತಾಮ್ರದ ಚೊಂಬು ಕಪ್ಪಗಿದ್ದರೆ ಮನೆಯವರು ಸೋಮಾರಿಗಳು ಅಂತಲೇ ಲೆಕ್ಕ. ಆ ಕಣ್ಣಿನಿಂದಲೇ ನಾಣ್ಯ ನೋಡ್ತೀವಿ. ಆದರೆ ಚೊಂಬಿನ ಮೇಲೆ ಓದಬೇಕಾದ್ದು ಏನೂ ಇರೋಲ್ಲ. ನಾಣ್ಯದ ಮೇಲೆ ಇರುತ್ತೆ. ಹುಣಸೆಹಣ್ಣಿನ ಹುಳಿ ಮೇಲಿನ ಪದರ ತಿನ್ನುತ್ತೆ, ತಿಕ್ಕುವ ನಾರು ಸಣ್ಣ ಸಣ್ಣ ಗೀರು ಬಿಡುತ್ತೆ. ಕೊನೆಗೆ ಉಳಿಯೋದು ಒಂಥರಾ ಗುಲಾಬಿ ಬಣ್ಣ. ಅದು ಮತ್ತೆ ಸರಿಹೋಗೋದೇ ಇಲ್ಲ.

ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳನ್ನೇ ನೋಡಿ. ಅವುಗಳ ಮೇಲೆ ಕನ್ನಡ ಅಕ್ಷರಗಳಿವೆ. ಕೈಯಿಂದ ಕೈಗೆ ಹೋಗಿ ಅಕ್ಷರ ಮೊದಲೇ ಸವೆದಿರುತ್ತೆ. ಸಂದಿಯಲ್ಲಿ ಕೂತ ಕಪ್ಪು ಇರೋದರಿಂದಲೇ ಅಷ್ಟಾದರೂ ಕಾಣುತ್ತೆ. ಟಿಪ್ಪುವಿನ ಆನೆ ಕಾಸೂ ಅಷ್ಟೇ. ತಿಕ್ಕಿದ ಆನೆ ಎಷ್ಟೋ ನೋಡಿದ್ದೀನಿ. ಸೊಂಡಿಲು ಯಾವುದು, ಬಾಲ ಯಾವುದು ತಿಳಿಯೋಲ್ಲ. ಹೊಟ್ಟೆ ಉರಿಯುತ್ತೆ.

‘ಹಸಿರು ಪುಡಿ ಹಿಡಿದರೆ ಏನು ಮಾಡೋದು? ಅದು ನಾಣ್ಯವನ್ನೇ ತಿನ್ನುತ್ತಲ್ಲ’ ಅಂತ ಒಬ್ಬರು ಕೇಳಿದರು. ನಿಜ, ಅಂಥದ್ದಕ್ಕೆ ಚಿಕಿತ್ಸೆ ಬೇಕೇ ಬೇಕು. ತಿಳಿದವರ ಹತ್ತಿರ ತೋರಿಸಿ. ಆದರೆ ನಿನ್ನೆಯ ಫಾರ್ದಿಂಗ್‌ಗೆ ಯಾವ ಕಾಯಿಲೆಯೂ ಇರಲಿಲ್ಲ. ‘ನನ್ನ ದುಡ್ಡು, ನನ್ನ ನಾಣ್ಯ’ ಅಂದವರೂ ಇದ್ದಾರೆ. ನಿಮಗಿಂತ ಮೊದಲು ಅದು ಯಾರ್ಯಾರದೋ ಆಗಿತ್ತು. ನಿಮ್ಮ ನಂತರವೂ ಇನ್ನೊಬ್ಬರದಾಗುತ್ತೆ. ಅವರಿಗೇನು ಕೊಡ್ತೀರಿ?

ಬೆಲೆಯ ಮಾತು ಬಿಡಿ. ತಿಕ್ಕಿದ್ದು ಗೊತ್ತಾದರೆ ನಾಣ್ಯ ಪರೀಕ್ಷಿಸುವ ಕಂಪನಿಗಳು ಹಾಗಂತ ಬರೆದೇ ಕೊಡುತ್ತವೆ, ಬೆಲೆ ಬಿದ್ದೇ ಬೀಳುತ್ತೆ. ನನ್ನ ಸಂಕಟ ಅದಲ್ಲ. ನನ್ನ ಆಲ್ಬಮ್‌ನಲ್ಲಿರೋದೆಲ್ಲ ಅಗ್ಗದ ನಾಣ್ಯಗಳೇ. ಮನಸ್ಸು ಸರಿಯಿಲ್ಲದಾಗ ಅದನ್ನು ತೆಗೆದುಕೊಂಡು ಕೂರುತ್ತೇನೆ. ಯಾವುದೋ ಊರಿನ ಯಾರೋ ಇದನ್ನು ಕೊಟ್ಟು ಏನು ಕೊಂಡಿರಬಹುದು ಅಂತ ಯೋಚಿಸ್ತಾ ಇದ್ದರೆ ಹೊತ್ತು ಹೋಗಿದ್ದೇ ತಿಳಿಯೋಲ್ಲ. ಇದನ್ನು ಮನೆಯಲ್ಲೂ ಯಾರಿಗೂ ಹೇಳಿಕೊಂಡಿಲ್ಲ.

ಫೋಟೋ ಹಾಕಿದವರ ಮೇಲೆ ನನಗೆ ಕೋಪ ಕಡಿಮೆ. ಅವರು ಹೊಸಬರು, ಖುಷಿಯಿಂದ ಹಂಚಿಕೊಂಡರು. ಕೋಪ ಇರೋದು ವರ್ಷಗಟ್ಟಲೆ ನಾಣ್ಯ ಕೂಡಿಟ್ಟು, ಎಲ್ಲ ಗೊತ್ತಿದ್ದೂ ‘ಸೂಪರ್’ ಅಂತ ಒತ್ತಿ ಹೋದ ಹಿರಿಯರ ಮೇಲೆ. ಒಂದು ಸಾಲು ಬರೆದು ತಿಳಿಸೋಕೆ ಎಷ್ಟು ಹೊತ್ತು ಬೇಕು? ಫೋಟೋ ಹಾಕಿದ ಗೆಳೆಯರಿಗೆ ನಾನು ಫೋನ್ ಮಾಡಿ ಮಾತಾಡಿದ್ದೀನಿ. ಅವರ ಹತ್ತಿರ ಇನ್ನೂ ಎರಡು ಫಾರ್ದಿಂಗ್ ಇವೆಯಂತೆ, 1901ರದು ಮತ್ತು 1903ರದು. ಅವನ್ನು ಮುಟ್ಟೋದಿಲ್ಲ ಅಂದಿದ್ದಾರೆ.

ನಿಮ್ಮ ಹತ್ತಿರವೂ ಆ ಕಾಲದ ಫಾರ್ದಿಂಗ್ ಇದ್ದರೆ ಕೆಳಗೆ ಫೋಟೋ ಹಾಕಿ. ಇದ್ದ ಹಾಗೇ ಹಾಕಿ.