ತೆರೆಯಲಾಗದ ಕಿಟಕಿಯ ಆಸ್ಪತ್ರೆ

ನಿನ್ನೆ ಮಧ್ಯಾಹ್ನ ವಿಜಯಪುರದ ಹೊಸ ಆಸ್ಪತ್ರೆಯೊಂದರಲ್ಲಿ ಸೋದರತ್ತೆಯ ಮಂಚದ ಪಕ್ಕ ಕುಳಿತಿದ್ದಾಗ ಕರೆಂಟ್ ಹೋಯಿತು. ಜನರೇಟರ್ ಶುರುವಾಯಿತಾದರೂ ಅದು ಐಸಿಯು ಮತ್ತು ಆಪರೇಷನ್ ಥಿಯೇಟರಿಗೆ ಮೀಸಲು, ಹಾಗಿರಬೇಕಾದುದೇ ಸರಿ. ಆದರೆ ಜನರಲ್ ವಾರ್ಡಿನ ಎಸಿ ನಿಂತು ಹತ್ತು ನಿಮಿಷವಾಗುವಷ್ಟರಲ್ಲಿ ಅಲ್ಲಿದ್ದವರೆಲ್ಲ ಬೆವರಿನಲ್ಲಿ ತೊಯ್ದುಹೋದರು. "ತಮ್ಮಾ, ಒಂದ್ ಖಿಡಕಿಯರೆ ತಗಿಯೋ" ಎಂದರು ಅತ್ತೆ. ಎದ್ದು ನೋಡಿದರೆ ಪಶ್ಚಿಮದ ಗೋಡೆಯಿಡೀ ಗಾಜು, ಅದರಲ್ಲಿ ತೆರೆಯಬಹುದಾದ ಒಂದು ಕದವೂ ಇಲ್ಲ.

ಕಟ್ಟಡದ ಕೆಲಸದಲ್ಲೇ ಕೂದಲು ಬೆಳ್ಳಗಾದ ನನಗೆ ಇದನ್ನು ಸಹಿಸುವುದು ಸಾಧ್ಯವಾಗುತ್ತಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಇಳಿಹೊತ್ತಿನ ಬಿಸಿಲಿಗೆ ಗಾಜನ್ನು ಒಡ್ಡಿ, ಆ ಕಾವನ್ನು ಹೊರದೂಡಲು ಹಗಲಿಡೀ ವಿದ್ಯುತ್ ಸುರಿಯುವುದು ಯಾವ ಲೆಕ್ಕ? ಸುಮಾರು 3 ಮೀಟರ್ ದಪ್ಪದ ಗೋಡೆಗಳು ಬಿಸಿಲನ್ನು ಹೇಗೆ ತಡೆಹಿಡಿಯುತ್ತವೆ ಎಂಬುದು ಮೇ ತಿಂಗಳಿನಲ್ಲಿ ಗೋಳಗುಮ್ಮಟದೊಳಗೆ ಕಾಲಿಟ್ಟವರಿಗೆಲ್ಲ ಗೊತ್ತು. ಅಂಥ ಗೋಡೆ ಈಗ ಕಟ್ಟಲಾಗದು, ಒಪ್ಪುತ್ತೇನೆ. ಆದರೆ ಆಳವಾದ ಸಜ್ಜಾ, ಎದುರುಬದುರು ಕಿಟಕಿ, ನಡುವೆ ನೆರಳಿನ ಅಂಗಳ ಇವಿಷ್ಟನ್ನು ಕೊಡಲು ಏನು ಅಡ್ಡಿ?

ಧೂಳು ಬರುತ್ತದೆ, ಸೋಂಕು ಹರಡುತ್ತದೆ ಎಂದು ಕೆಲವರು ಹೇಳುತ್ತಾರೆ. ಥಿಯೇಟರಿನ ಗಾಳಿಯನ್ನು ಸೋಸಿಯೇ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ನಿಯಮವನ್ನು ಹೊರರೋಗಿ ವಿಭಾಗಕ್ಕೂ ಜನರಲ್ ವಾರ್ಡಿಗೂ ಹಚ್ಚುವುದು ಮಾತ್ರ ತಪ್ಪು. ಸಹಜ ಗಾಳಿಯಾಟದ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ಸಾಮಾನ್ಯ ವಾರ್ಡಿನಲ್ಲಿ ಪ್ರತಿ ರೋಗಿಗೆ ಸೆಕೆಂಡಿಗೆ 60 ಲೀಟರ್, ಗಾಳಿಯಿಂದ ಹರಡುವ ಸೋಂಕಿನವರ ಕೋಣೆಯಲ್ಲಿ 160 ಲೀಟರ್ ಹೊಸ ಗಾಳಿ ಬೇಕೆನ್ನುತ್ತದೆ. ಕ್ಷಯರೋಗಿಯೊಬ್ಬ ಕೆಮ್ಮುತ್ತಿರುವ ಮುಚ್ಚಿದ ಕೋಣೆಯಲ್ಲಿ ಒಳಗಿನ ಗಾಳಿಯನ್ನೇ ತಂಪುಮಾಡಿ ತಿರುಗಿಸುವ ಎಸಿಗಿಂತ ತೆರೆದ ಕಿಟಕಿ ಎಷ್ಟೋ ಮೇಲು.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಿಬಿಡಬೇಕು. ಹಿಂದೊಮ್ಮೆ ನಾನೇ ನಕ್ಷೆ ಮಾಡಿದ ನರ್ಸಿಂಗ್ ಹೋಮಿನಲ್ಲಿ ಖರ್ಚು ಉಳಿಸಲೆಂದು ಒಳಗೋಡೆಗಳ ಮೇಲೆಯೇ ಭಾರ ಹೊರಿಸಿದ್ದೆ. 2021ರಲ್ಲಿ ಕೋವಿಡ್ ಎರಡನೆಯ ಅಲೆ ಬಂದು, ಎರಡು ಕೋಣೆಗಳನ್ನು ಸೇರಿಸಿ ಆಕ್ಸಿಜನ್ ಪೈಪ್ ಎಳೆಯಬೇಕಾದಾಗ ಆ ಗೋಡೆಯನ್ನು ಮುಟ್ಟುವಂತಿರಲಿಲ್ಲ. ರೋಗಿಗಳು ಉಸಿರಿಗಾಗಿ ಒದ್ದಾಡುತ್ತಿದ್ದ ಕೋಣೆಯ ಪಕ್ಕದಲ್ಲೇ ಡ್ರಿಲ್ಲಿಂಗ್ ಯಂತ್ರ ಕೂಗುತ್ತಿದ್ದ ಆ ದಿನ ಇಂದಿಗೂ ನನ್ನ ನಿದ್ದೆ ಕೆಡಿಸುತ್ತದೆ.

ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಆಸ್ಪತ್ರೆಯೊಂದರಲ್ಲಿ 1990ರ ದಶಕದ ಕೊನೆಯಲ್ಲಿಯೇ ಈ ತೊಡಕನ್ನು ಬಿಡಿಸುವ ಯೋಜನೆ ಮಾಡಿದ್ದರು. ಕಂಬ, ತೊಲೆ, ಚಪ್ಪಡಿಗಳು ನೂರು ವರ್ಷ ಬಾಳಬೇಕು. ಒಳಗೋಡೆಗಳು ಇಪ್ಪತ್ತು ವರ್ಷ, ಯಂತ್ರ ಮತ್ತು ಪೀಠೋಪಕರಣಗಳು ಐದರಿಂದ ಹತ್ತು ವರ್ಷ ಎಂದು ಲೆಕ್ಕಹಾಕಿ ಮೂರನ್ನೂ ಬೇರೆಬೇರೆಯಾಗಿ ವಿನ್ಯಾಸಗೊಳಿಸಿದರು. ಮುಂದೆ ಬೇಕಾದಾಗ ಕತ್ತರಿಸಿ ತೆಗೆಯಬಹುದಾದ ಜಾಗಗಳನ್ನೂ ಚಪ್ಪಡಿಯಲ್ಲಿ ಮೊದಲೇ ಗುರುತಿಸಿಟ್ಟರು. ಇಂದಿನ ವಾರ್ಡು ನಾಳೆ ಡಯಾಲಿಸಿಸ್ ಕೇಂದ್ರವಾಗಬೇಕಾದರೆ ಒಡೆಯಬೇಕಾದದ್ದು ಹಗುರವಾದ ಗೋಡೆಯನ್ನಷ್ಟೇ. ನಮ್ಮ ಜಿಲ್ಲೆಯಲ್ಲಿ ಹೀಗೆ ಕಟ್ಟಲು ವಿದೇಶದ ಸಾಮಗ್ರಿಯೇನೂ ಬೇಕಿಲ್ಲ. ಆರ್‌ಸಿಸಿ ಕಂಬಗಳನ್ನು ಒಂದೇ ಅಳತೆಯ ಚೌಕದಲ್ಲಿ ನಿಲ್ಲಿಸಿ, ಪೈಪು ಮತ್ತು ವೈರುಗಳನ್ನು ಗೋಡೆಯಲ್ಲಿ ಹೂಳದೆ ಕೈಗೆಟುಕುವ ಡಕ್ಟಿನಲ್ಲಿ ಒಯ್ದರೆ ಅರ್ಧ ಕೆಲಸ ಮುಗಿಯಿತು.

ಅತ್ತೆಯನ್ನು ಇಂದು ಬೆಳಗ್ಗೆ ಮನೆಗೆ ಕರೆತಂದೆವು. ನನ್ನ ಮೇಜಿನ ಮೇಲೆ ಈಗ ಐವತ್ತು ಹಾಸಿಗೆಗಳ ಆಸ್ಪತ್ರೆಯ ನಕ್ಷೆಯೊಂದಿದೆ; ಅದರ ಪಶ್ಚಿಮದ ಮುಖಕ್ಕೂ ಮಾಲೀಕರು ಗಾಜನ್ನೇ ಕೇಳಿದ್ದಾರೆ. ವಾರ್ಡುಗಳಿಗೆ ತೆರೆಯುವ ಕಿಟಕಿ ಬರುವವರೆಗೆ ಅದಕ್ಕೆ ನಾನು ಸಹಿ ಹಾಕುವುದಿಲ್ಲ.