ಹತ್ತು ಗಂಟೆ ಬೂಟು, ಒಂದು ಗಂಟೆ ಬರಿಗಾಲು

ಕರಾಟೆಯಲ್ಲಿ ನೇರ ಒದೆತಕ್ಕೆ ಮಾಯೆ ಗೆರಿ ಎನ್ನುತ್ತಾರೆ. ಬೆರಳುಗಳನ್ನು ಮೇಲಕ್ಕೆ ಮಡಿಸಿ, ಅವುಗಳ ಬುಡದ ಗಟ್ಟಿ ಭಾಗದಿಂದ ಹೊಡೆಯಬೇಕು. ಎರಡು ವರ್ಷ ಕಳೆದರೂ ನನಗದು ಒಲಿಯಲಿಲ್ಲ. ಉಳಿದ ನಾಲ್ಕು ಬೆರಳುಗಳು ಏಳುತ್ತಿದ್ದವು, ಹೆಬ್ಬೆರಳು ಮಾತ್ರ ಮೊಂಡು ಎತ್ತಿನಂತೆ ಇದ್ದಲ್ಲೇ ಇರುತ್ತಿತ್ತು. ಒಂದು ಸಂಜೆ ಅದು ಪ್ಯಾಡಿಗೆ ನೇರವಾಗಿ ಬಡಿದು ಉಗುರಿನಡಿ ರಕ್ತ ಹೆಪ್ಪುಗಟ್ಟಿತು.

ಗುರುಗಳು ಕಾಲನ್ನು ಒಮ್ಮೆ ನೋಡಿದರು, ಆಮೇಲೆ ಬಾಗಿಲ ಬಳಿಯಿದ್ದ ನನ್ನ ಕಚೇರಿಯ ಬೂಟನ್ನು ಎತ್ತಿಕೊಂಡರು. ಒಳಗಿನ ಮೆತ್ತೆಯನ್ನು ಕಿತ್ತು ನೆಲದ ಮೇಲಿಟ್ಟು, “ಇದರ ಮೇಲೆ ನಿಲ್ಲು” ಎಂದರು. ನಿಂತೆ. ಕಿರುಬೆರಳು ಪೂರ್ತಿ ಆಚೆ, ಹೆಬ್ಬೆರಳು ಅರ್ಧ ಆಚೆ. ಇಷ್ಟು ಅಗಲದ ಪಾದವನ್ನು ಅಷ್ಟು ಕಿರಿದಾದ ಗೂಡಿನಲ್ಲಿ ದಿನಕ್ಕೆ ಹತ್ತು ಗಂಟೆ ತುರುಕಿ, ಸಂಜೆ ಒಂದು ಗಂಟೆ ಮಾತ್ರ ಹೊರಗೆ ಬಿಟ್ಟು “ಬೆರಳೆತ್ತು” ಎಂದು ಗದರಿಸುತ್ತಿದ್ದೆ!

ಹಿಮ್ಮಡಿಯ ಕಥೆ ಇನ್ನೂ ಮೋಸದ್ದು. ಹಿಮ್ಮಡಿ ಎತ್ತರವಿರುವ ಬೂಟಿನಲ್ಲಿ ಮೀನಖಂಡ ಇಡೀ ದಿನ ಕುಗ್ಗಿಯೇ ಇರುತ್ತದೆ. ಅದೇ ಕಾಲಿನಿಂದ ಜೆಂಕುತ್ಸು ದಾಚಿಗೆ, ಅಂದರೆ ಮುಂದಿನ ಮೊಣಕಾಲು ಬಗ್ಗಿಸಿ ಹಿಂದಿನ ಕಾಲನ್ನು ಚಾಚುವ ನಿಲುವಿಗೆ ಇಳಿದರೆ ಹಿಂದಿನ ಹಿಮ್ಮಡಿ ನೆಲ ಬಿಡುತ್ತದೆ, ಇಲ್ಲವೇ ಪಾದ ಪಕ್ಕಕ್ಕೆ ತಿರುಗುತ್ತದೆ. ಸೊಂಟ ಗಟ್ಟಿಯಾಗಿದೆ ಎಂದುಕೊಂಡು ತಿಂಗಳುಗಟ್ಟಲೆ ಸೊಂಟವನ್ನೇ ಎಳೆದಾಡಿದೆ. ಬಿಗಿತ ಇದ್ದದ್ದು ಕಣಕಾಲಿನಲ್ಲಿ. ಗೋಡೆಯಿಂದ ಸುಮಾರು ಅರ್ಧ ಗೇಣು ದೂರದಲ್ಲಿ ಪಾದವಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ ನೋಡಿ, ನಿಮಗೂ ತಿಳಿಯುತ್ತದೆ. ಇನ್ನು ಹಿಂದೆ ಪಟ್ಟಿಯಿಲ್ಲದ ಚಪ್ಪಲಿಯೂ ನಿರಪರಾಧಿಯಲ್ಲ. ಜಾರದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಅದನ್ನು ಕಚ್ಚಿ ಹಿಡಿಯುತ್ತವೆ.

“ಬೀದಿಯಲ್ಲಿ ಹೊಡೆದಾಟವಾದರೆ ಕಾಲಲ್ಲಿ ಬೂಟೇ ಇರುತ್ತದಲ್ಲ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಫ್ರಾನ್ಸಿನ ಸವಾತ್ ಬೂಟು ಧರಿಸಿಯೇ ಆಡುವ ಕಲೆ, ಅಲ್ಲಿ ಬೂಟಿನ ತುದಿಯೇ ಆಯುಧ. ಆದರೆ ಬರಿಗಾಲಿನಲ್ಲಿ ಕಲಿತ ಮಾವಾಶಿ ಗೆರಿಯನ್ನು, ಅಂದರೆ ಪಕ್ಕದಿಂದ ಸುತ್ತಿ ಬರುವ ಒದೆತವನ್ನು, ರಬ್ಬರ್ ಅಟ್ಟೆಯ ಬೂಟಿನಲ್ಲಿ ಒಮ್ಮೆ ನಿಧಾನವಾಗಿ ಮಾಡಿ ನೋಡಿ. ಊರಿದ ಪಾದ ನೆಲಕ್ಕೆ ಅಂಟಿಕೊಳ್ಳುತ್ತದೆ, ದೇಹ ತಿರುಗುತ್ತದೆ, ನಡುವಿನ ತಿರುಚನ್ನೆಲ್ಲ ಮೊಣಕಾಲು ನುಂಗಬೇಕಾಗುತ್ತದೆ. ಆದ್ದರಿಂದ ಆಗಾಗ ಬೂಟು ಹಾಕಿಯೂ ಅಭ್ಯಾಸ ಮಾಡಬೇಕೆಂದು ನಾನು ಈಗ ವಾದಿಸುತ್ತೇನೆ. ನಮ್ಮ ಡೋಜೊದಲ್ಲಿ, ಅಂದರೆ ಕರಾಟೆ ಶಾಲೆಯಲ್ಲಿ, ಇದಕ್ಕೆ ಹೆಚ್ಚು ಬೆಂಬಲವಿಲ್ಲ.

ಇಷ್ಟೆಲ್ಲ ತಿಳಿದ ಉತ್ಸಾಹದಲ್ಲಿ ನಾನು ಮಾಡಿದ ದಡ್ಡತನವನ್ನೂ ಹೇಳಿಬಿಡುತ್ತೇನೆ. ಮರುದಿನವೇ ತೆಳು ಅಟ್ಟೆಯ ಚಪ್ಪಟೆ ಬೂಟು ತಂದು ಬೆಳಗಿನಿಂದ ಸಂಜೆಯವರೆಗೆ ತಿರುಗಾಡಿದೆ. ಮೂರನೆಯ ದಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಯಿತು. ವರ್ಷಗಟ್ಟಲೆ ಕುಗ್ಗಿದ ಸ್ನಾಯು ವಾರದಲ್ಲಿ ಹಿಗ್ಗುತ್ತದೆಯೇ? ಆಮೇಲೆ ದಿನಕ್ಕೆ ಅರ್ಧ ಗಂಟೆಯಿಂದ ಶುರು ಮಾಡಿದೆ, ಮನೆಯೊಳಗೆ ಬರಿಗಾಲು.

ಎಡಗಾಲಿನ ಹೆಬ್ಬೆರಳು ಈಗ ಹೇಳಿದ ಕೂಡಲೇ ಏಳುತ್ತದೆ. ಬಲಗಾಲಿನದು ಇನ್ನೂ ಯೋಚಿಸುತ್ತಿದೆ.